ಸುಮ್ಮನೆ ನಿಲ್ಲುವ ಉದ್ಯೋಗ

ಬಸ್ಸು ತಡವಾದರೆ ಖುಷಿಪಡುವ ಪ್ರಯಾಣಿಕ ಎಲ್ಲಾದರೂ ಇದ್ದರೆ ಅದು ನಾನೇ. ಕೊರಳಿಗೆ ಕ್ಯಾಮೆರಾ ಬಿದ್ದ ಮೇಲೆ ಅಂಟಿಕೊಂಡ ಗುಣ ಇದು. ಅದಕ್ಕೂ ಮೊದಲು ನಾನೂ ಗಡಿಯಾರ ನೋಡಿ ಗೊಣಗುವ ಪೈಕಿಯವನೇ.

ಶುರುವಿನಲ್ಲಿ ನನಗೆ ಸೂರ್ಯಾಸ್ತದ ಹುಚ್ಚಿತ್ತು. ಹೊಸದಾಗಿ ಕ್ಯಾಮೆರಾ ಕೊಂಡವರು ಮೊದಲ ಆರು ತಿಂಗಳು ಸೂರ್ಯನನ್ನು ಮುಳುಗಿಸುತ್ತಾರೆ, ಮುಂದಿನ ಆರು ತಿಂಗಳು ಹೂವಿಗೆ ನೀರು ಚಿಮುಕಿಸಿ ಇಬ್ಬನಿ ಎನ್ನುತ್ತಾರೆ. ಎರಡನ್ನೂ ಶ್ರದ್ಧೆಯಿಂದ ಮಾಡಿದೆ. ಹೀಗಿರುವಾಗ ಒಂದು ದಿನ, ಬಸ್‌ಸ್ಟಾಪಿನಲ್ಲಿ, ದೂರದ ಇಂಜಿನ್ ಸದ್ದಿಗೆ ಹತ್ತು ಹನ್ನೆರಡು ಕತ್ತುಗಳು ಒಟ್ಟಿಗೆ ಬಲಕ್ಕೆ ಹೊರಳಿದವು. ಬಂದದ್ದು ಲಾರಿ. ಹೊರಳಿದ ಕತ್ತುಗಳು ವಾಪಸಾದದ್ದು ಮಾತ್ರ ಒಟ್ಟಿಗಲ್ಲ. ಹುಡುಗರ ಕತ್ತು ತಕ್ಷಣ ಮೊಬೈಲಿಗೆ ಮರಳಿತು. ಚೀಲ ಹಿಡಿದಿದ್ದ ಹೆಂಗಸು ಒಂದು ನಿಟ್ಟುಸಿರು ಬಿಟ್ಟು ತಿರುಗಿದರು. ಮುದುಕರೊಬ್ಬರು ಮಾತ್ರ ಹುಬ್ಬಿಗೆ ಅಂಗೈ ಹಚ್ಚಿ, ಲಾರಿಯ ಬೆನ್ನ ಹಿಂದೆ ಬಸ್ಸು ಅವಿತಿದ್ದೀತು ಎಂಬಂತೆ, ಇನ್ನೂ ಅತ್ತಲೇ ನೋಡುತ್ತಿದ್ದರು. ನನ್ನ ಕ್ಯಾಮೆರಾ ಚೀಲದೊಳಗಿತ್ತು. ಜಿಪ್ ಎಳೆಯುವಷ್ಟರಲ್ಲಿ ಅವರೂ ಕೈ ಇಳಿಸಿದರು. ಅಂದಿನಿಂದ ಸೂರ್ಯ ತನ್ನ ಪಾಡಿಗೆ ತಾನು ಮುಳುಗುತ್ತಿದ್ದಾನೆ.

ನಿಂತವರ ಮೇಲೆ ಫೋಟೊಗ್ರಫಿಗೆ ಹಳೆಯ ಪ್ರೀತಿ. 1838ರಲ್ಲಿ, ಫೋಟೊಗ್ರಫಿಯನ್ನು ಹುಟ್ಟುಹಾಕಿದವರಲ್ಲೊಬ್ಬನಾದ ಫ್ರಾನ್ಸಿನ ಡಾಗೇರ್ ಪ್ಯಾರಿಸ್ಸಿನ ಒಂದು ಬೀದಿಯನ್ನು ಎತ್ತರದ ಕಿಟಕಿಯಿಂದ, ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಇಳಿಸಿದ. ಆ ತಗಡಿಗೆ ಬೆಳಕು ಹಲವು ನಿಮಿಷ ಬೀಳಬೇಕಿತ್ತು. ಹಾಗಾಗಿ ಓಡಾಡುತ್ತಿದ್ದ ಗಾಡಿ, ಕುದುರೆ, ಜನ ಒಂದೂ ದಾಖಲಾಗಲಿಲ್ಲ; ಬೀದಿ ಬಟಾಬಯಲು. ಮೂಲೆಯಲ್ಲಿ ಒಬ್ಬ ಮಾತ್ರ ಸಿಕ್ಕಿಬಿದ್ದಿದ್ದಾನೆ, ಬೂಟು ಪಾಲಿಶ್ ಮಾಡಿಸಿಕೊಳ್ಳಲು ಕಾಲು ಎತ್ತಿಟ್ಟು ನಿಂತವನು. ಪಾಲಿಶ್ ಮಾಡುವವನೂ ಇದ್ದಾನೆ, ಕೈ ಆಡುತ್ತಿದ್ದುದರಿಂದ ಬರೀ ಮಸುಕು. ಫೋಟೊದಲ್ಲಿ ಕಂಡ ಮೊದಲ ಮನುಷ್ಯರು ಇವರೇ ಇರಬೇಕು ಎನ್ನುತ್ತಾರೆ. ದುಡಿದವನು ಮಸುಕಾಗಿ, ಕಾಲು ಚಾಚಿದವನು ಚರಿತ್ರೆ ಸೇರಿದ್ದಕ್ಕೆ ನನ್ನದೊಂದು ಸಣ್ಣ ತಕರಾರಿದೆ.

ಈಗ ಲೆಕ್ಕ ತಿರುಗಾಮುರುಗಾ. ಸೆಕೆಂಡನ್ನು ಸಾವಿರ ಚೂರು ಮಾಡಿ ಒಂದು ಚೂರಿನಲ್ಲಿ ಓಡುವವನನ್ನು ಹಿಡಿಯಬಹುದು. ನಿಲ್ಲುವ ಸರದಿ ಫೋಟೊ ತೆಗೆಯುವವನದು. ಫ್ರಾನ್ಸಿನ ಫೋಟೊಗ್ರಾಫರ್ ಆರಿ ಕಾರ್ತಿಯೆ-ಬ್ರೆಸ್ಸಾನ್ 1932ರಲ್ಲಿ ಪ್ಯಾರಿಸ್ಸಿನದೇ ಒಂದು ರೈಲು ನಿಲ್ದಾಣದ ಹಿಂದೆ, ಹಲಗೆ ಬೇಲಿಯ ಸಂದಿಗೆ ಲೆನ್ಸ್ ತೂರಿಸಿ, ನಿಂತ ನೀರಿನ ಮೇಲೆ ಜಿಗಿದವನನ್ನು ಹಿಮ್ಮಡಿ ನೀರಿಗೆ ತಾಗುವ ಮುನ್ನವೇ ಹಿಡಿದ. ಸಂದಿ ಎಷ್ಟು ಕಿರಿದೆಂದರೆ ಅವನಿಗೇ ಸರಿಯಾಗಿ ಕಂಡಿರಲಿಲ್ಲವಂತೆ. ಚಿತ್ರಕ್ಕೆ ಕತ್ತರಿ ಹಾಕುವುದೆಂದರೆ ಆಗದ ಮನುಷ್ಯ, ಬೇಲಿಯ ಕಪ್ಪು ಬಿದ್ದಿದ್ದಕ್ಕೆ ಇದರ ಅಂಚು ಕತ್ತರಿಸಬೇಕಾಯಿತು. ದೊಡ್ಡವರೂ ಕಣ್ಣಿಗೆ ಕಾಣದ್ದನ್ನು ತೆಗೆದಿದ್ದಾರೆ ಎಂಬುದು ನನಗೆ ಬಲು ಸಮಾಧಾನದ ಸಂಗತಿ.

ಏಕೆಂದರೆ ನಾನು ಕಣ್ಣಾರೆ ಕಂಡದ್ದನ್ನೇ ಕಳೆದುಕೊಂಡವನು. ಆಗಿನ್ನೂ ರೀಲಿನ ಕಾಲ. ಸಂಜೆ ಬಿಸಿಲಿಗೆ ಕಬ್ಬಿಣದ ಕಟಕಟೆಯ ನೆರಳು ಒಂದು ಗೋಡೆಯ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಅದರೊಳಗೆ ಯಾರಾದರೂ ಕಾಲಿಡಲಿ ಎಂದು ಮುಕ್ಕಾಲು ಗಂಟೆ ಕಾದೆ. ಮಗುವನ್ನು ಹೆಗಲಿಗೇರಿಸಿಕೊಂಡವರು ಬಂದರು, ಮಡಿಸಿದ ಕೊಡೆಯನ್ನು ನೆಲಕ್ಕೆ ಕುಟ್ಟುತ್ತ ಒಬ್ಬರು ಬಂದರು, ಕ್ಲಿಕ್ಕಿಸಿದ್ದೇ ಕ್ಲಿಕ್ಕಿಸಿದ್ದು. ರೀಲಿನಲ್ಲಿದ್ದದ್ದು 36 ಚಿತ್ರ; ಎಣಿಕೆಯ ಮುಳ್ಳು ಅದನ್ನೂ ದಾಟಿತು. ಒಂದೆರಡು ಹೆಚ್ಚಿಗೆ ಬರುವುದುಂಟು, ಲಾಭವೇ ಆಯಿತೆಂದುಕೊಂಡೆ. 39 ಆಯಿತು, 41 ಆಯಿತು. ಎದೆ ಧಸಕ್ಕೆಂದಿತು. ಹಿಂಬದಿ ತೆರೆದರೆ ಫಿಲ್ಮಿನ ತುದಿ ಸುರುಳಿಗೆ ಸಿಕ್ಕೇ ಇಲ್ಲ, ಬೆಳಿಗ್ಗೆ ಇಟ್ಟಲ್ಲೇ ನಾಲಗೆ ಚಾಚಿಕೊಂಡು ಬಿದ್ದಿದೆ. ಇಡೀ ಸಂಜೆ ನಾನು ಬಿಟ್ಟಿದ್ದು ಬರೀ ರೀಲು. ಮನೆಯವರು ಆ ಮಾತನ್ನು ಇಂದಿಗೂ ಬಿಟ್ಟಿಲ್ಲ.

ಇನ್ನು ಜನ ಕ್ಯಾಮೆರಾ ಕಂಡರೆ ನೆಟ್ಟಗಾಗಿಬಿಡುತ್ತಾರೆ. ಕೂದಲು ಸವರಿ, ಕಾಲರ್ ಸರಿಮಾಡಿ, ಪಾಸ್‌ಪೋರ್ಟ್ ಮುಖ. ಇದನ್ನು ತಪ್ಪಿಸಲು ಅಮೆರಿಕದ ಫೋಟೊಗ್ರಾಫರ್ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ, ಕೋಟಿನೊಳಗೆ ಕ್ಯಾಮೆರಾ ಅಡಗಿಸಿ, ಗುಂಡಿಗಳ ನಡುವಿನಿಂದ ಲೆನ್ಸ್ ಇಣುಕಿಸಿ ಎದುರಿಗೆ ಕುಳಿತವರನ್ನು ತೆಗೆದ. ಪುಸ್ತಕವಾಗಿ ಬಂದದ್ದು 1966ರಲ್ಲಿ. ಚಿತ್ರಗಳು ಅದ್ಭುತ, ಒಪ್ಪುತ್ತೇನೆ. ಆದರೂ ಕದ್ದು ನೋಡುವುದು ನನ್ನ ಕೈಲಾಗದು. ನಾನು ಕ್ಯಾಮೆರಾ ಹೊರಗಿಟ್ಟುಕೊಂಡೇ ನಿಲ್ಲುತ್ತೇನೆ. ಹತ್ತು ನಿಮಿಷ ಬಿಟ್ಟರೆ ಜನ ನನ್ನನ್ನು ಲೈಟುಕಂಬದ ಲೆಕ್ಕಕ್ಕೆ ಸೇರಿಸಿ ಮರೆತುಬಿಡುತ್ತಾರೆ. ಬೇಡವೆಂದು ಯಾರಾದರೂ ಕೈಯಾಡಿಸಿದರೆ ಲೆನ್ಸ್ ಇಳಿಸುತ್ತೇನೆ.

ಮೊನ್ನೆ ಒಬ್ಬರು ಮಾತ್ರ ಮರೆಯಲಿಲ್ಲ. ಸ್ಟಾಪಿನ ಬೆಂಚಿನ ಮೇಲೆ ಕುಳಿತವರು ಬಹಳ ಹೊತ್ತು ನೋಡಿ, "ನಿಮಗೆ ಯಾವ ಬಸ್ಸಾಗ್ಬೇಕು? ನಾಲ್ಕು ಹೋದ್ವಲ್ಲ," ಎಂದರು.

"ಬಸ್ಸಲ್ಲ ಸರ್. ಆ ಬಿಸಿಲು ಎದುರಿನ ಬಾಗಿಲ ತನಕ ಬರಬೇಕು."

ಅವರು ಬಾಗಿಲು ನೋಡಿದರು. ಬಿಸಿಲು ನೋಡಿದರು. "ಇನ್ನೂ ಇಪ್ಪತ್ತು ನಿಮಿಷ ಆಗತ್ತೆ," ಎಂದು ಪಕ್ಕಕ್ಕೆ ಸರಿದು ನನಗೂ ಜಾಗ ಮಾಡಿಕೊಟ್ಟರು. ಅಷ್ಟರಲ್ಲಿ ಅವರ ಬಸ್ಸು ಬಂತು. ಅವರು ಏಳಲಿಲ್ಲ.