ಸುರಂಗ ಬೆಳೆಯುತ್ತಲೇ ಇದೆ

ನಮ್ಮ ಜಿಲ್ಲೆಯ ಜನಪ್ರಿಯ ಇತಿಹಾಸಕಾರರ ಹೊಸ ಪುಸ್ತಕ ಬಂದಿದೆ. ಹೆಸರು ಬೇಡ ಬಿಡಿ, ಊರಿಗೊಬ್ಬರು ಇದ್ದಾರೆ. ಈ ಸಲವೂ ಚೆನ್ನಭೈರಾದೇವಿಯೇ ನಾಯಕಿ. 1552ರಿಂದ 1606ರವರೆಗೆ ಗೇರುಸೊಪ್ಪೆಯನ್ನು ಆಳಿದವಳು, ಪೋರ್ಚುಗೀಸರಿಂದ ಕಾಳುಮೆಣಸಿನ ರಾಣಿ ಅನ್ನಿಸಿಕೊಂಡವಳು. 54 ವರ್ಷದ ಆಳ್ವಿಕೆ, ವರ್ಷಕ್ಕೊಂದು ಪುಸ್ತಕ ಅಂದರೂ ಇವರ ಕಾಲಕ್ಕೆ ಧಾರಾಳ ಆಯಿತು.

ಇವರು ಶುರು ಮಾಡಿದ್ದು ಶಾಸನಗಳ ಮೇಲಿನ ತೆಳ್ಳನೆಯ ಪುಸ್ತಕದಿಂದ. ಯಾವ ಬಸದಿಗೆ ಯಾರು ಎಷ್ಟು ಅಕ್ಕಿ ಬಿಟ್ಟರು ಅಂತ ಪಾಪ ನಿಯತ್ತಾಗಿ ಬರೆದಿದ್ದರು. ಗೆದ್ದಲು ಬಿಟ್ಟು ಬೇರೆ ಯಾರೂ ಮುಟ್ಟಲಿಲ್ಲ. ಎರಡನೇ ಪುಸ್ತಕಕ್ಕೆ ಕುದುರೆ ಬಂತು. ಮೂರನೆಯದಕ್ಕೆ ಮಿರ್ಜಾನ್ ಕೋಟೆಯ ಬುರುಜಿನ ಮೇಲೆ ನಿಂತು ರಾಣಿ ನಿಟ್ಟುಸಿರು ಬಿಟ್ಟಳು, ಬಿಟ್ಟದ್ದೇ ತಡ, ಮರುಮುದ್ರಣ! ಆ ನಿಟ್ಟುಸಿರು ಯಾವ ಶಾಸನದಲ್ಲಿದೆ ಅಂತ ಕೇಳಬೇಡಿ. ಅಡಿಟಿಪ್ಪಣಿ ಹಾಕಿದರೆ ಓದುಗರ ಕಣ್ಣು ಕೆಳಗೆ ಹೋಗುತ್ತದೆ, ಕಣ್ಣೀರು ಅಲ್ಲೇ ನಿಂತುಬಿಡುತ್ತದೆ ಅಂತಾರೆ.

ಶಿರಸಿಯಲ್ಲಿ ಬಿಡುಗಡೆ ಸಮಾರಂಭ. ವೇದಿಕೆ ಮೇಲೆ ಶಾಲು, ಹಾರ, ಪುಸ್ತಕ ಓದದ ಐದು ಜನ. ಹಳೆಗನ್ನಡ ಶಾಸನವನ್ನು ಕಲ್ಲಿನ ಮೇಲೇ ಓದಬಲ್ಲ ಮೇಷ್ಟ್ರು ಹಿಂದಿನ ಸಾಲಿನಲ್ಲಿ. ಅವರು ಎದ್ದು, "ರಾಣಿ ದಾಸಿಗೆ ಹೇಳಿದ ಈ ಮಾತಿಗೆ ಆಧಾರ ಏನು?" ಅಂದರು. ಸಭೆಯೆಲ್ಲ ಗುರ್ ಅಂತ ತಿರುಗಿ ನೋಡಿತು. ರಾಣಿಗೆ ಅವಮಾನ ಆಯಿತಂತೆ.

ತಮಾಷೆ ಏನು ಗೊತ್ತಾ? ನಮ್ಮದು ತಾಳಮದ್ದಳೆಯ ಸೀಮೆ, ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಅರ್ಥಧಾರಿ ಕರ್ಣನ ಬಾಯಲ್ಲಿ ಅರ್ಧ ಗಂಟೆ ಮಾತಾಡಿಸುತ್ತಾನೆ, ಚಪ್ಪಾಳೆ ಹೊಡೆಯುತ್ತೇವೆ, ಬೆಳಗಾದ ಮೇಲೆ ಅದನ್ನು ಪಠ್ಯಕ್ಕೆ ಸೇರಿಸಿ ಅಂತ ಯಾರೂ ಮನವಿ ಕೊಡುವುದಿಲ್ಲ. ಈ ಪುಸ್ತಕಕ್ಕೆ ಮಾತ್ರ ಕೊಟ್ಟಿದ್ದಾರೆ. ನಿಜ ಹೇಳಬೇಕೆಂದರೆ ಮನುಷ್ಯ ಚೆನ್ನಾಗಿ ಬರೆಯುತ್ತಾರೆ. ಕಾದಂಬರಿ ಅಂತ ಮುಖಪುಟದಲ್ಲಿ ಹಾಕಿದ್ದರೆ ನಾನೇ ಎರಡು ಪ್ರತಿ ಕೊಳ್ಳುತ್ತಿದ್ದೆ.

ಅಭಿಮಾನಿಗಳು ಮಿರ್ಜಾನಿಗೆ ಹೋಗುತ್ತಾರೆ, ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವುದಕ್ಕೆ. ಗೇರುಸೊಪ್ಪೆಯ ಕಾಡಿನೊಳಗಿನ ಚತುರ್ಮುಖ ಬಸದಿಯ ತನಕ ಹೋಗುವವರು ಕಡಿಮೆ. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವಲ್ಲ.

ಇನ್ನು ಇವರ ಪುಸ್ತಕದಲ್ಲಿ ಬರುವ ರಾಣಿಯ ಗುಪ್ತ ಸುರಂಗ. ಮೊದಲ ಮುದ್ರಣದಲ್ಲಿ ಅದು ಮಿರ್ಜಾನ್ ಕೋಟೆಯಿಂದ ಅಘನಾಶಿನಿ ದಡದವರೆಗೆ ಮಾತ್ರ ಇತ್ತು. ಆಮೇಲೆ ಹೊನ್ನಾವರ ಮುಟ್ಟಿತು. ಈಗ ಶರಾವತಿ ದಂಡೆಯ ಗೇರುಸೊಪ್ಪೆವರೆಗೆ ಹೋಗಿದೆ, ಅದೂ ಕುದುರೆ ಓಡುವಷ್ಟು ಅಗಲ. ಕುಮಟಾ, ಹೊನ್ನಾವರದ ಜನ ಹೆದ್ದಾರಿ ಅಗಲೀಕರಣದ ಧೂಳನ್ನು ವರ್ಷಗಟ್ಟಲೆ ಸುಮ್ನೆ ಕುಡಿದರು, ಇವರನ್ನು ಒಂದು ಮಾತು ಕೇಳಿದ್ದರೆ ಬಸ್ಸುಗಳನ್ನು ಒಳಗಿನಿಂದಲೇ ಬಿಡಬಹುದಿತ್ತು.

ಇಷ್ಟು ದೊಡ್ಡ ಸುರಂಗ ಇಟ್ಟುಕೊಂಡ ರಾಣಿ ಕೆಳದಿಯ ವೆಂಕಟಪ್ಪ ನಾಯಕನ ಕೈಗೆ ಸಿಕ್ಕಿ ಇಕ್ಕೇರಿಯ ಸೆರೆ ಸೇರಿದ್ದು ಹೇಗೆ ಅಂತ ಮೇಷ್ಟ್ರು ಮತ್ತೆ ಕೇಳಿದರು. ಅದು ಎರಡನೇ ಸಂಪುಟದಲ್ಲಿದೆಯಂತೆ. ಮುಂಗಡ ಬುಕಿಂಗ್ ಶುರುವಾಗಿದೆ.