ಎರ್ಮೂ ಬೀದಿಯ ನಡುವಿನ ಕಪ್ನಿಕರೆಯಾ

ಅಥೆನ್ಸಿಗೆ ಹೋದವರು ಆಕ್ರೊಪೊಲಿಸ್ ಬೆಟ್ಟವನ್ನು ತಪ್ಪದೆ ಹತ್ತುತ್ತಾರೆ. ಆದರೆ ಎರ್ಮೂ ಬೀದಿಯ ಬಟ್ಟೆ ಅಂಗಡಿಗಳ ನಡುವೆ ದಾರಿಗೆ ಅಡ್ಡ ಕುಳಿತಂತಿರುವ ಕಪ್ನಿಕರೆಯಾ ಚರ್ಚಿನೆದುರು ಒಂದು ಫೋಟೋ ತೆಗೆಸಿಕೊಂಡು ಮುಂದೆ ಸಾಗಿಬಿಡುತ್ತಾರೆ. ಬೆಟ್ಟದ ಮೇಲೆ ಸಿಗದ ಅಥೆನ್ಸಿನ ಕಥೆ ಈ ಪುಟ್ಟ ಕಟ್ಟಡದೊಳಗಿದೆ ಎಂಬುದು ನನ್ನ ಅಭಿಪ್ರಾಯ.

ಕನ್ಯೆ ಮರಿಯಳು ಬಾಲ್ಯದಲ್ಲಿ ದೇವಾಲಯ ಪ್ರವೇಶಿಸಿದ ಘಟನೆಗೆ ಅರ್ಪಿತವಾದ ಈ ಆರ್ಥೊಡಾಕ್ಸ್ ಚರ್ಚು 11ನೆಯ ಶತಮಾನದ್ದು. ಪ್ರತಿಯೊಂದು ಕಲ್ಲಿನ ಸುತ್ತಲೂ ತೆಳುವಾದ ಇಟ್ಟಿಗೆಯ ಚೌಕಟ್ಟಿಟ್ಟು ಕಟ್ಟಿದ ಗೋಡೆಗಳಲ್ಲಿ ಇನ್ನೂ ಹಳೆಯ ಕಟ್ಟಡಗಳ ಅಮೃತಶಿಲೆಯ ತುಂಡುಗಳು ಸೇರಿಕೊಂಡಿವೆ. ನಗರದ ನೆಲ ಏರುತ್ತ ಬಂದುದರಿಂದ ಚರ್ಚು ಇಂದು ಬೀದಿಗಿಂತ ತಗ್ಗಿನಲ್ಲಿದೆ. ಮನೆಯ ಒಲೆಯ ಹೊಗೆಯ ಲೆಕ್ಕದಲ್ಲಿ ತೆರಿಗೆ ವಸೂಲು ಮಾಡುತ್ತಿದ್ದ ಅಧಿಕಾರಿಯ ಹುದ್ದೆಯಿಂದ ಅದರ ಹೆಸರು ಬಂದಿರಬೇಕೆಂದು ಹೇಳುತ್ತಾರೆ. ತೆರಿಗೆಯವನ ನೆನಪು ಮರಿಯಳ ಗುಡಿಗೆ ಅಂಟಿಕೊಂಡದ್ದು ತಮಾಷೆಯೇ ಸರಿ.

1834ರಲ್ಲಿ ಅಥೆನ್ಸ್ ಹೊಸ ಗ್ರೀಸಿನ ರಾಜಧಾನಿಯಾದಾಗ, ಪ್ರಾಚೀನ ಗ್ರೀಸಿನ ವೈಭವವನ್ನು ಮರಳಿ ತರುವ ಉತ್ಸಾಹದಲ್ಲಿದ್ದವರಿಗೆ ಬೈಜಾಂಟಿಯಂ, ಅಂದರೆ ಮಧ್ಯಯುಗದ ಪೂರ್ವ ರೋಮನ್ ಸಾಮ್ರಾಜ್ಯದ ಕಾಲದ ಚರ್ಚುಗಳು ನೇರವಾದ ಬೀದಿಗಳಿಗೆ ಅಡಚಣೆಯಾಗಿ ಕಂಡವು. ಅಂಥ ಎಷ್ಟೋ ಚರ್ಚುಗಳು ನೆಲಸಮವಾದವು. 1842ರಲ್ಲಿ ಆರಂಭವಾದ ದೊಡ್ಡ ಕೆಥೆಡ್ರಲ್ಲಿಗೆ ಹೀಗೆ ಕೆಡವಿದ ಚರ್ಚುಗಳ ಕಲ್ಲುಗಳೇ ಬಳಕೆಯಾದವು. ಕಪ್ನಿಕರೆಯಾ ಉಳಿದದ್ದು ಗ್ರೀಸಿನ ದೊರೆ ಒಟ್ಟೋನ ತಂದೆ, ಬವೇರಿಯದ ರಾಜ ಲುಡ್ವಿಗ್ ಅಡ್ಡಬಂದದ್ದರಿಂದ. 1863ರಲ್ಲಿ ಮತ್ತೆ ಗಂಡಾಂತರ ಬಂದಾಗ ಅಥೆನ್ಸಿನ ಮೆಟ್ರೊಪಾಲಿಟನ್, ಅಂದರೆ ಅಲ್ಲಿನ ಚರ್ಚಿನ ಮುಖ್ಯ ಧರ್ಮಾಧ್ಯಕ್ಷರು, ಕಾಪಾಡಿದರು. ತಮ್ಮದೇ ಮಧ್ಯಯುಗವನ್ನು ಊರಿನವರು ಕೀಳಾಗಿ ಕಂಡಾಗ ಹೊರಗಿನ ರಾಜನೊಬ್ಬನಿಗೆ ಅದರ ಬೆಲೆ ತಿಳಿದಿತ್ತೆಂಬುದು ನನಗೆ ಇಂದಿಗೂ ಚುಚ್ಚುವ ಸಂಗತಿ.

ಒಳಗಿನ ಚಿತ್ರಗಳನ್ನು ಸಾವಿರ ವರ್ಷದವೆಂದು ನಂಬಿ ಬೆರಗಾಗುವವರಿದ್ದಾರೆ. ನಿಜ ತಿಳಿದು ಮುಖ ಸಿಂಡರಿಸುವವರೂ ಇದ್ದಾರೆ. ಅವುಗಳಲ್ಲಿ ಹೆಚ್ಚಿನವನ್ನು ಬರೆದವರು, ಏಷ್ಯಾ ಮೈನರಿನ (ಇಂದಿನ ತುರ್ಕಿಯ) ಐವಾಲಿಯಲ್ಲಿ ಹುಟ್ಟಿ, ಅಲ್ಲಿ ಗ್ರೀಕ್ ಸೇನೆ ಸೋತು ಗ್ರೀಕರು ನೆಲೆ ಕಳೆದುಕೊಂಡ 1922ರ ದುರಂತದ ನಂತರ ಗ್ರೀಸಿಗೆ ಬಂದು ನೆಲೆಸಿದ ಫೋಟಿಸ್ ಕೊಂಡೊಗ್ಲು. ಜರ್ಮನ್ ಆಕ್ರಮಣದ ಹಸಿವಿನ ವರ್ಷವಾದ 1942ರಲ್ಲಿ ಆರಂಭವಾದ ಈ ಕೆಲಸ 1955ರವರೆಗೆ ನಡೆಯಿತು. ಪಶ್ಚಿಮದ ಶೈಲಿಯನ್ನು ಬಿಟ್ಟು ಬೈಜಾಂಟಿಯಂ ಚಿತ್ರರೀತಿಗೆ ಮರಳಬೇಕೆಂದು ಹಟ ಹಿಡಿದ ಅವರ ಕೆಲಸವನ್ನು ನಕಲೆಂದು ತಳ್ಳಿಹಾಕುವುದು ಅನ್ಯಾಯ. ಪೂಜೆ ನಿಲ್ಲದ ಗುಡಿಯಲ್ಲಿ ಗೋಡೆಗಳು ಹೊಸದಾಗಿ ಬಣ್ಣ ಪಡೆಯುವುದು ಸಹಜವಲ್ಲವೇ?

ಹೋಗುವವರು ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ತೊಟ್ಟಿರಲಿ, ಪ್ರಾರ್ಥನೆ ನಡೆಯುತ್ತಿದ್ದರೆ ಕ್ಯಾಮೆರಾ ಚೀಲದಲ್ಲಿರಲಿ. ಹೊರಬಂದ ಮೇಲೆ ಕಟ್ಟಡಕ್ಕೆ ಒಂದು ಸುತ್ತು ಹಾಕಿ. ಉತ್ತರದಲ್ಲಿ, ದೊಡ್ಡ ಗುಮ್ಮಟಕ್ಕೆ ಆತುಕೊಂಡಂತೆ, ನಂತರ ಸೇರಿಸಿದ ಸಂತ ಬಾರ್ಬರಾಳ ಗುಡಿಯ ಚಿಕ್ಕ ಗುಮ್ಮಟ ಕಾಣುತ್ತದೆ.