ಪ್ರೈಮರಿ ಶಾಲೆಯ ಇತಿಹಾಸ ಮೇಷ್ಟ್ರಿಗೆ ಪ್ರತ್ಯೇಕ ಪ್ರಶಸ್ತಿ: ಬೇಕಾ, ಬೇಡ್ವಾ?

ಪರ

ಬೇಕು, ಬೇಕೇ ಬೇಕು. ಪ್ರತಿ ವರ್ಷ ಸೆಪ್ಟೆಂಬರ್ 5ಕ್ಕೆ ಪ್ರಶಸ್ತಿ ಪಟ್ಟಿ ಬರುತ್ತಲ್ಲ, ಅದ್ರಲ್ಲಿ ದಾನಿಗಳನ್ನ ಹಿಡಿದು ಸ್ಮಾರ್ಟ್ ಕ್ಲಾಸ್ ಮಾಡಿಸಿದವರು, ಗೋಡೆಗೆ ಬಣ್ಣ ಹೊಡೆಸಿದವರು, ಕೈತೋಟ ಬೆಳೆಸಿದವರು ಎಲ್ಲರೂ ಇರ್ತಾರೆ, ಇರ್ಲಿ, ಅವರೂ ಬೆವರು ಸುರಿಸಿದವರೇ. ಆದ್ರೆ ಇತಿಹಾಸ ಚೆನ್ನಾಗಿ ಪಾಠ ಮಾಡ್ತಾರೆ ಅನ್ನೋ ಒಂದೇ ಕಾರಣಕ್ಕೆ ಪ್ರೈಮರಿ ಮೇಷ್ಟ್ರೊಬ್ಬರನ್ನ ಕರೆದು ಶಾಲು ಹೊದಿಸಿದ್ದನ್ನ ನಾನಂತೂ ನೋಡಿಲ್ಲ. ವಿಜ್ಞಾನಕ್ಕೆ ವಸ್ತುಪ್ರದರ್ಶನ ಇದೆ, ಇನ್‌ಸ್ಪೈರ್ ಅವಾರ್ಡ್ ಇದೆ. ಹಾಡು, ಡ್ಯಾನ್ಸು, ಭಾಷಣಕ್ಕೆ ಪ್ರತಿಭಾ ಕಾರಂಜಿ ಇದೆ. ಇತಿಹಾಸಕ್ಕೆ ಏನಿದೆ? ಅಮೆರಿಕಾದಲ್ಲಿ ಗಿಲ್ಡರ್ ಲೆರ್ಮನ್ ಅನ್ನೋ ಸಂಸ್ಥೆ 2004ರಿಂದಲೂ ಇತಿಹಾಸದ ಟೀಚರ್‌ಗಳಿಗೆ ಅಂತಲೇ ಪ್ರಶಸ್ತಿ ಕೊಡ್ತಾ ಬಂದಿದೆ, ಪ್ರೈಮರಿಯವರನ್ನೂ ಬಿಟ್ಟಿಲ್ಲ.

ನಮ್ಮೂರ ಶಾಲೆಯಲ್ಲಿ ಒಬ್ಬರು ಮೇಷ್ಟ್ರು ಇದ್ರು. ಕೆರೆ ಏರಿ ಪಕ್ಕ ಒಂದು ವೀರಗಲ್ಲು, ಅದರ ಮೇಲೆ ನಾವು ಬಟ್ಟೆ ಒಣಗಹಾಕ್ತಿದ್ವಿ. ಅವರು ಆರನೇ ಕ್ಲಾಸಿನ ನಮ್ಮನ್ನೆಲ್ಲ ಅಲ್ಲಿಗೆ ಕರ್ಕೊಂಡೋಗಿ ಒಂದು ಕೊಡ ನೀರು ಹುಯ್ದು, ಬಿಸಿಲು ಓರೆಯಾಗಿ ಬೀಳೋವರೆಗೂ ಕಾಯಿಸಿ ತೋರಿಸಿದ್ರು: ಕೆಳಗಡೆ ವೀರ ಕಾದಾಡ್ತಿರೋದು, ಮಧ್ಯದಲ್ಲಿ ಅಪ್ಸರೆಯರು ಅವನನ್ನ ಮೇಲಕ್ಕೆ ಕರ್ಕೊಂಡೋಗ್ತಿರೋದು, ತುದಿಯಲ್ಲಿ ಲಿಂಗದ ಮುಂದೆ ಕೂತಿರೋದು. ಕಾಲ ಬುಡದಲ್ಲಿ ದನಗಳಿದ್ವು. ದನ ಹೊಡ್ಕೊಂಡು ಹೋಗೋಕೆ ಬಂದವರನ್ನ ತಡೆಯೋಕೆ ಹೋಗಿ ಸತ್ತ ನಮ್ಮೂರ ಹುಡುಗ ಇವನು ಅಂದ್ರು. ಮಾರನೇ ದಿನದಿಂದ ಆ ಕಲ್ಲಿನ ಮೇಲೆ ಯಾರೂ ಬಟ್ಟೆ ಹಾಕ್ಲಿಲ್ಲ, ದೊಡ್ಡವರು ಹಾಕೋಕೆ ಬಂದ್ರೂ ನಾವೇ ಬಿಡ್ತಿರ್ಲಿಲ್ಲ.

ಇದು ಹೈಸ್ಕೂಲಲ್ಲಿ ಆಗೋ ಕೆಲಸ ಅಲ್ಲ, ಅಷ್ಟೊತ್ತಿಗೆ ಇತಿಹಾಸ ಅಂದ್ರೆ ಇಸವಿ ಬಾಯಿಪಾಠ ಅಂತ ತಲೇಲಿ ಕೂತುಬಿಟ್ಟಿರುತ್ತೆ. ಮದ್ದೂರು ತಾಲ್ಲೂಕನ್ನೇ ತಗೊಳ್ಳಿ. ಆತಕೂರಿನಲ್ಲಿ ಹತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಕಾಳಿ ಅನ್ನೋ ನಾಯಿ ಹಂದಿ ಜೊತೆ ಕಾದಾಡಿ ಸತ್ತಿದ್ದಕ್ಕೆ ಕಲ್ಲು ನೆಟ್ರು, ಅದೀಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಅದೇ ತಾಲ್ಲೂಕಿನ ಶಿವಪುರದಲ್ಲಿ 1938ರಲ್ಲಿ ಧ್ವಜ ಸತ್ಯಾಗ್ರಹ ನಡೀತು. ಹತ್ತು ವರ್ಷದ ಮಗುಗೆ ರಾಷ್ಟ್ರಕೂಟರ ವಂಶಾವಳಿ ಬೇಡ, ಕಾಳಿ ಕಥೆ ಹೇಳಿ ಸಾಕು, ರಾಷ್ಟ್ರಕೂಟರು ಯಾರು ಅಂತ ಅದೇ ಕೇಳುತ್ತೆ. ಹಾಗೆ ಕೇಳೋ ಥರ ಮಾಡೋ ಮೇಷ್ಟ್ರನ್ನ ಗುರುತಿಸಿ ಅಂತಿದೀನಿ, ಅಷ್ಟೇ.

ಪ್ರೈಮರಿಯಲ್ಲಿ ಇತಿಹಾಸದ ಮೇಷ್ಟ್ರು ಅಂತ ಹುದ್ದೆಯೇ ಇಲ್ವಲ್ಲ ಅಂತ ರಾಗ ತೆಗೆಯೋರಿದಾರೆ. 6ರಿಂದ 8ಕ್ಕೆ ನೇಮಕ ಮಾಡ್ಕೊಳ್ಳೋವಾಗ ಸಮಾಜ ವಿಜ್ಞಾನದವರನ್ನ ಬೇರೆಯಾಗೇ ತಗೋತಾರಲ್ಲ, ಅವರು ಯಾರು ಹಾಗಾದ್ರೆ? ಒಂದರಿಂದ ಐದರವರೆಗಿನ ಮಾತು ಆಮೇಲೆ ನೋಡೋಣ. ಮೊದಲು ಇಷ್ಟಾದ್ರೂ ಆಗ್ಲಿ.

ವಿರೋಧ

ವಿರೋಧ ಬರೀರಿ ಅಂದ್ರು, ಒಪ್ಕೊಂಡೆ. ಇತಿಹಾಸ ಚೆನ್ನಾಗಿ ಹೇಳಿಕೊಡೋ ಮೇಷ್ಟ್ರ ಮೇಲೆ ನನಗೆ ಯಾವ ತಕರಾರೂ ಇಲ್ಲ. ತಕರಾರು ಇರೋದು ಪ್ರಶಸ್ತಿಯ ಮೇಲೆ.

ಎಲ್ಲಾ ಊರಲ್ಲೂ ಕೆರೆ ಏರಿ ಮೇಲೆ ವೀರಗಲ್ಲು ಇರಲ್ಲ. ಕಲ್ಲು ಇರೋ ಊರಿನ ಮೇಷ್ಟ್ರಿಗೆ ಪ್ರಶಸ್ತಿ, ಇಲ್ಲದ ಊರಿನವರಿಗೆ ಇಲ್ಲ ಅಂತಾಗ್ಬಾರದು.

ನಮ್ಮಕ್ಕ ಕಿರಿಯ ಪ್ರಾಥಮಿಕ ಶಾಲೆ ಟೀಚರ್. ಇರೋದೇ ಇಬ್ಬರು, ಒಂದರಿಂದ ಮೂರರ ನಲಿ-ಕಲಿ ಇವಳದೇ, ನಾಲ್ಕು ಐದರ ಕನ್ನಡ, ಗಣಿತ, ಪರಿಸರ ಅಧ್ಯಯನದಲ್ಲೂ ಅರ್ಧ ಇವಳದೇ, ಬಿಸಿಯೂಟದ ಲೆಕ್ಕ ಬೇರೆ. ಒಂದು ಸಲ ಮಕ್ಕಳಿಗೆ, ಮನೇಲಿ ಅಜ್ಜಿ ಹತ್ರ ಕೇಳ್ಕೊಂಡು ಬನ್ನಿ, ನಮ್ಮೂರಿಗೆ ಕರೆಂಟು ಯಾವಾಗ ಬಂತು, ಮೊದಲ ಬಲ್ಬು ಯಾರ ಮನೇಲಿ ಉರೀತು ಅಂತ ಕಳಿಸಿದ್ಲು. ಹನ್ನೊಂದು ಮಕ್ಕಳು ಐದು ಬೇರೆ ಬೇರೆ ಉತ್ತರ ತಂದ್ರು, ಎರಡು ಮನೆಯವರು ಮೊದಲ ಬಲ್ಬು ನಮ್ಮದೇ ಅಂತ ಶಾಲೆ ಬಾಗಿಲಿಗೇ ಬಂದ್ರು. ಯಾರ ಮಾತು ನಂಬೋದು, ಯಾಕೆ ನಂಬೋದು ಅಂತ ಅವಳು ಮಕ್ಕಳ ಕೈಲೇ ವಿಚಾರಿಸಿ ಬರೆಸಿದ್ಲು. ಇತಿಹಾಸ ಅಂದ್ರೆ ಇದೇ ತಾನೇ? ಆದ್ರೆ ಟೈಮ್‌ಟೇಬಲ್‌ನಲ್ಲಿ ಇದು ಪರಿಸರ ಅಧ್ಯಯನ, ಇತಿಹಾಸದ ಪ್ರಶಸ್ತಿಗೆ ಇವಳು ಲೆಕ್ಕಕ್ಕೇ ಬರಲ್ಲ.

ಇನ್ನು ಅರ್ಜಿ ವಿಷಯ. ರಾಷ್ಟ್ರ ಪ್ರಶಸ್ತಿಗೆ 2018ರಿಂದ ಟೀಚರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕ್ಬೇಕು, ಫೋಟೋ, ವಿಡಿಯೋ, ದಾಖಲೆ ಎಲ್ಲ ತಾನೇ ಜೋಡಿಸ್ಬೇಕು. ಗೆದ್ದರೆ 50,000 ರೂಪಾಯಿ, ಬೆಳ್ಳಿ ಪದಕ. ನೀನೂ ಹಾಕೇ ಅಂದೆ. "ಫೋಟೋ ಹಿಡಿಯೋಕೆ ನಿಂತ್ರೆ ಆ ಹೊತ್ತಿಗೆ ಪಾಠ ಯಾರು ಮಾಡ್ತಾರೋ" ಅಂದ್ಲು. ಹೊಸ ಪ್ರಶಸ್ತಿ ಬಂದ್ರೂ ದಾರಿ ಇದೇ ಆಗಿರುತ್ತೆ, ಫೈಲ್ ಚೆನ್ನಾಗಿ ಮಾಡೋಕೆ ಬರೋರಿಗೆ ಸಿಗುತ್ತೆ.

ಪ್ರಶಸ್ತಿ ಕೊಡಲೇಬೇಕು ಅಂತಿದ್ರೆ ಕೊಡಿ, ನಾನೇನು ಬಾಗಿಲಿಗೆ ಅಡ್ಡ ನಿಲ್ಲಲ್ಲ. ಅದಕ್ಕೂ ಮುಂಚೆ ಆ ಶಾಲೆಗೆ ಮೂರನೇ ಟೀಚರ್ ಕೊಡಿ, ವರ್ಷಕ್ಕೊಂದು ಸಲ ಮಕ್ಕಳನ್ನ ಮ್ಯೂಸಿಯಂಗೆ ಕರ್ಕೊಂಡು ಹೋಗೋಕೆ ಬಸ್ಸಿನ ದುಡ್ಡು ಕೊಡಿ. ಕಾಳಿ ಕಲ್ಲು ಹೇಗೂ ಬೆಂಗಳೂರಲ್ಲೇ ಇದೆಯಂತಲ್ಲ.